ಭಟ್ಟಿ ಮಾವನ ಟಿವಿಎಸ್ ಗಾಡಿ

ಶುಕ್ರವಾರ ರಾತ್ರಿ ಕೊನೆಯ ಕಾಲ್ ಮುಗಿದು ಲ್ಯಾಪ್‌ಟಾಪ್ ಪಕ್ಕಕ್ಕಿಡೋ ಹೊತ್ತಿಗೆ ಹತ್ತೂವರೆ ಆಗಿರುತ್ತೆ. ಆಮೇಲೆ ನಾನು ಹುಡುಕಿಕೊಂಡು ನೋಡೋದು ಒಂದು ವಿಚಿತ್ರ ಜಾತಿಯ ಸಿನಿಮಾಗಳನ್ನ. ಅಮೆರಿಕದ ದಕ್ಷಿಣದ ಗುಡ್ಡಗಾಡಿನಲ್ಲಿ ಕಳ್ಳಭಟ್ಟಿ ಇಳಿಸೋರ ಕಥೆಗಳು. ಬಡ ಬಜೆಟ್ಟು, ಒಂದೆರಡು ಹಳೇ ಕಾರು, ಧೂಳಿನ ರಸ್ತೆ, ಹೊಟ್ಟೆ ಮುಂದಿರೋ ಒಬ್ಬ ಲಂಚಕೋರ ಶೆರಿಫ್, ಅವನಿಗೆ ಮಣ್ಣು ಮುಕ್ಕಿಸೋ ಒಬ್ಬ ಹೀರೋ. ಹೀರೋ ಕಾರಿನ ಡಿಕ್ಕಿಯಲ್ಲಿ ಸಾರಾಯಿ. ಇಷ್ಟೇ ಕಥೆ. ಹೆಂಡತಿ ಬಂದು ಸ್ಕ್ರೀನ್ ನೋಡಿ, "ಮತ್ತೆ ಅದೇ ಕುಡುಕರ ಸಿನಿಮಾನಾ?" ಅಂತಾಳೆ. ಕುಡುಕರದ್ದಲ್ಲ ಕಣೇ, ಕಾಯಿಸೋರದ್ದು ಅಂತ ನಾನು ತಿದ್ದುತ್ತೇನೆ. ಆ ತಿದ್ದುಪಡಿಯಲ್ಲೇ ನನ್ನ ಸಮಸ್ಯೆ ಇದೆ ಅಂತ ಗೊತ್ತಾಗೋಕೆ ಬಹಳ ವರ್ಷ ಹಿಡಿಯಿತು.

ಈ ಜಾತಿಗೆ ಮೂಲಪುರುಷ ಅಂದರೆ 1958ರ 'ಥಂಡರ್ ರೋಡ್'. ರಾಬರ್ಟ್ ಮಿಚಮ್ ಹೀರೋ. ಕೊರಿಯಾ ಯುದ್ಧದಿಂದ ವಾಪಸ್ ಬಂದ ಹುಡುಗ, ಅಪ್ಪ ಬೆಟ್ಟದಲ್ಲಿ ಭಟ್ಟಿ ಇಳಿಸ್ತಾನೆ, ಮಗ ಅದನ್ನ ರಾತ್ರೋರಾತ್ರಿ ಕಾರಲ್ಲಿ ಸಾಗಿಸ್ತಾನೆ. ಒಂದು ಕಡೆ ತೆರಿಗೆ ಇಲಾಖೆಯವರು, ಇನ್ನೊಂದು ಕಡೆ ಈ ಧಂಧೆಯನ್ನೆಲ್ಲ ತನ್ನ ಮುಷ್ಟಿಗೆ ತಗೊಳ್ಳೋಕೆ ಬಂದ ಪಟ್ಟಣದ ಗೂಂಡಾ. ಇಬ್ಬರಿಗೂ ಇವನು ಬಗ್ಗಲ್ಲ. ದೊಡ್ಡ ಸಿನಿಮಾ ಏನಲ್ಲ. ಆದರೆ ದಕ್ಷಿಣದ ಡ್ರೈವ್-ಇನ್ ಥಿಯೇಟರುಗಳಲ್ಲಿ ವರ್ಷಾನುಗಟ್ಟಲೆ ಮತ್ತೆ ಮತ್ತೆ ಓಡಿತು. ಆಮೇಲೆ 1973ರಲ್ಲಿ ಬರ್ಟ್ ರೆನಾಲ್ಡ್ಸ್‌ನ 'ವೈಟ್ ಲೈಟ್ನಿಂಗ್', 1975ರಲ್ಲಿ 'ಮೂನ್‌ರನ್ನರ್ಸ್', 1977ರಲ್ಲಿ 'ಮೂನ್‌ಶೈನ್ ಕೌಂಟಿ ಎಕ್ಸ್‌ಪ್ರೆಸ್' ಹೀಗೆ ಸಾಲು. ಇದೆಲ್ಲ ಬರೀ ಕಲ್ಪನೆಯೂ ಅಲ್ಲ. ಅಮೆರಿಕದ ಕಾರ್ ರೇಸಿನ ದಂತಕಥೆ ಜೂನಿಯರ್ ಜಾನ್ಸನ್ ಡ್ರೈವಿಂಗ್ ಕಲಿತಿದ್ದೇ ಅಪ್ಪನ ಸಾರಾಯಿ ಸಾಗಿಸಿ. 1956ರಲ್ಲಿ ಸಿಕ್ಕಿಬಿದ್ದು ಜೈಲಿಗೂ ಹೋದ. ಮೂವತ್ತು ವರ್ಷ ಆದಮೇಲೆ ಅಧ್ಯಕ್ಷ ರೇಗನ್ ಅವನಿಗೆ ಕ್ಷಮಾದಾನ ಕೊಟ್ಟರು.

ಹೊಳಲ್ಕೆರೆ–ಹೊಸದುರ್ಗದ ನಡುವಿನ ಹಳ್ಳಿಯ ಹುಡುಗನಿಗೆ ಇದೆಲ್ಲ ಯಾಕಪ್ಪ ಇಷ್ಟ ಅಂತ ಕೇಳಬಹುದು. ದುರ್ಗದ ಸೀಮೆಯವರಿಗೆ ರೂಲ್ಸ್ ಮುರಿಯೋ ಹುಡುಗ ಹೊಸಬನಲ್ಲ. 1972ರ 'ನಾಗರಹಾವು' ನಮ್ಮ ಕೋಟೆಯಲ್ಲೇ ತೆಗೆದಿದ್ದು. ಮೇಷ್ಟ್ರನ್ನ ಕಂಬಕ್ಕೆ ಕಟ್ಟಿದ ರಾಮಾಚಾರಿಗೆ ನಮ್ಮಪ್ಪನ ತಲೆಮಾರು ಶಿಳ್ಳೆ ಹೊಡೆದಿತ್ತು. ನಮ್ಮಪ್ಪನೂ ಮೇಷ್ಟ್ರೇ, ಅದು ಬೇರೆ ಮಾತು. ಈಗಿನವರಿಗೆ ರಾಕಿ ಭಾಯ್ ಇದ್ದಾನೆ, ರಕ್ತಚಂದನದ ಪುಷ್ಪ ಇದ್ದಾನೆ, ಗುಜರಾತಿನ ಪಾನನಿಷೇಧದ ನೆರಳಲ್ಲಿ ಬೆಳೆದ 'ರಯೀಸ್' ಇದ್ದಾನೆ. ಆದರೆ ಅವೆಲ್ಲ ಕೋಟಿಗಟ್ಟಲೆ ಸುರಿದ ಸಿನಿಮಾಗಳು. ಹೀರೋ ಕೊನೆಗೆ ಸಾಮ್ರಾಜ್ಯವನ್ನೇ ಕಟ್ಟಿಬಿಡ್ತಾನೆ. ನನಗೆ ಬೇಕಿರೋದು ಆ ಬಡ ಸಿನಿಮಾದ ಬಡ ಹೀರೋ. ಅವನಿಗೆ ಸಾಮ್ರಾಜ್ಯ ಬೇಡ. ಈ ವಾರದ ಲೋಡು ತಲುಪಿದರೆ ಸಾಕು. ಸೆಟ್ ಹಾಕೋಕೆ ದುಡ್ಡಿಲ್ಲದ್ದಕ್ಕೆ ನಿಜವಾದ ತಗಡಿನ ಶೆಡ್ಡು, ನಿಜವಾದ ಕೆಸರು, ಬೆವರು ಕಾಣೋ ಮುಖ. ಹತ್ತು ವರ್ಷದಿಂದ ಪಿಪಿಟಿ ಮಾಡ್ತಿರೋ ನನ್ನಂಥವನಿಗೆ, ತನ್ನ ಕೈಯಿಂದ ಏನನ್ನೋ ಇಳಿಸಿ, ತಾನೇ ಹೊತ್ತು, ತಾನೇ ಮಾರೋ ಮನುಷ್ಯನನ್ನ ನೋಡಿದರೆ ಹೊಟ್ಟೆಕಿಚ್ಚು ಬರುತ್ತೆ. ಅವನಿಗೆ ಮ್ಯಾನೇಜರ್ ಇಲ್ಲ, ಅಪ್ರೈಸಲ್ ಇಲ್ಲ.

ಜೊತೆಗೆ ನನಗೊಬ್ಬ ನಿಜವಾದ ಹೀರೋ ಗೊತ್ತಿದ್ದ. ನಾವು ಅವರನ್ನ ಭಟ್ಟಿ ಮಾವ ಅಂತಿದ್ವಿ. ರಕ್ತಸಂಬಂಧ ಏನಿಲ್ಲ, ನಮ್ಮ ಕೇರಿಯವರು, ಊರಲ್ಲಿ ಎಲ್ಲರೂ ಮಾವ, ಕಾಕ, ದೊಡ್ಡಪ್ಪ ತಾನೇ. ಕಾರು ಇರಲಿಲ್ಲ, ಟಿವಿಎಸ್ ಗಾಡಿ ಇತ್ತು. ಲಾರಿ ಟ್ಯೂಬಿನ ಬಾಯಿ ಕಟ್ಟಿ, ಒಳಗೆ ಮಾಲು ತುಂಬಿಸಿ, ಮೇಲೆ ಜೋಳದ ಸಪ್ಪೆ ಹೊರೆ ಹಾಕ್ಕೊಂಡು ಹೋಗೋರು. ಹಳ್ಳದ ದಂಡೆಯಲ್ಲಿ ಭಟ್ಟಿ. ಕರಿಬೆಲ್ಲ, ಬಿಳಿಜಾಲಿ ತೊಗಟೆ, ಒಂಚೂರು ನವಸಾಗರ ಹಾಕಿ ಮಡಕೆಯಲ್ಲಿ ಕೊಳೆ ಹಾಕಿ ಹೂಳೋದು. ಅದು ಹುಳಿ ಬಂದು ಬುಸುಗುಟ್ಟೋಕೆ ಶುರುವಾದಮೇಲೆ ಒಲೆ ಮೇಲೇರಿಸಿ, ಬಾಯಿಗೆ ತಣ್ಣೀರಿನ ಪಾತ್ರೆ ಮುಚ್ಚಿ, ಆವಿ ತಣಿದು ಹನಿ ಹನಿಯಾಗಿ ಬೀಳೋದನ್ನ ಕಾಯೋದು. ಮೇಲಿನ ನೀರು ಬಿಸಿಯಾದ ಹಾಗೆ ಬದಲಿಸ್ತಾ ಇರಬೇಕು, ಇಲ್ಲದಿದ್ದರೆ ಆವಿ ಹಾರಿ ಹೋಗುತ್ತೆ. ಮೇಕೆ ಕಾಯೋ ನೆಪದಲ್ಲಿ ಹೋಗಿ ನಾವು ಹುಡುಗರು ಇದನ್ನೆಲ್ಲ ನೋಡಿದ್ವಿ. ಡಿಸ್ಟಿಲೇಷನ್ ಅನ್ನೋ ಪಾಠ ಎಂಟನೇ ಕ್ಲಾಸಲ್ಲಿ ಬಂದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ.

ನನ್ನ ಪಿಯುಸಿ ಫೀಸು ಕಟ್ಟಿದ್ದು ಭಟ್ಟಿ ಮಾವ. 2003ನೇ ಇಸವಿ. ಎರಡು ವರ್ಷ ಮಳೆ ಕೈಕೊಟ್ಟು ಬೋರ್‌ವೆಲ್ ಬತ್ತಿತ್ತು, ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಅಮ್ಮ ಯಾರ್ಯಾರ ಹತ್ತಿರ ಕೇಳಿದಳೋ. ಕೊನೆಗೆ ಮಾವ ಬಂದು ಪಡಸಾಲೆಯಲ್ಲಿ ಕೂತು, "ಹುಡುಗನ್ನ ಓದ್ಸವ್ವ, ನಿಧಾನಕ್ಕೆ ಕೊಡೀವಂತೆ" ಅಂತ ದುಡ್ಡಿಟ್ಟು ಹೋದರು. ಬಡ್ಡಿ ಇಲ್ಲ, ಪತ್ರ ಇಲ್ಲ. ಇತಿಹಾಸಕಾರ ಹಾಬ್ಸ್‌ಬಾಮ್ 1969ರಲ್ಲಿ ಡಕಾಯಿತರ ಬಗ್ಗೆಯೇ ಒಂದು ಪುಸ್ತಕ ಬರೆದರು. ಸರ್ಕಾರ ಕಳ್ಳ ಅನ್ನೋನನ್ನ ಹಳ್ಳಿ ತನ್ನವನು ಅಂತ ಯಾಕೆ ಕಾಪಾಡುತ್ತೆ ಅನ್ನೋದು ಅದರ ವಿಷಯ. ಅದನ್ನ ಓದೋವಾಗ ನನಗೆ ಕಂಡಿದ್ದು ಮಾವನ ಟಿವಿಎಸ್ಸು.

ಹಾಗಾದರೆ ಇಂಥವರ ಸಿನಿಮಾ ನೋಡಿ ಶಿಳ್ಳೆ ಹೊಡೆಯೋದು ತಪ್ಪಾ?

"ಅಯ್ಯೋ ಸಿನಿಮಾ ತಾನೇ ಬಿಡಿ" ಅನ್ನೋ ಉತ್ತರ ನನಗೆ ಸಾಕಾಗಲ್ಲ. ಈ ಸಿನಿಮಾಗಳು ನಮ್ಮ ಒಪ್ಪಿಗೆ ತಗೊಳ್ಳೋಕೆ ಎಷ್ಟು ಕಷ್ಟಪಡ್ತವೆ ನೋಡಿ. 'ವೈಟ್ ಲೈಟ್ನಿಂಗ್'ನಲ್ಲಿ ಹೀರೋ ತಮ್ಮನನ್ನ ಶೆರಿಫ್ ಕೊಂದಿರ್ತಾನೆ. 'ಥಂಡರ್ ರೋಡ್'ನಲ್ಲಿ ತಾಯಿ ದಾರಿ ಕಾಯ್ತಾಳೆ, ತಮ್ಮ ಈ ದಂಧೆಗೆ ಬರಬಾರದು ಅಂತ ಅಣ್ಣ ಹಟ ಹಿಡಿದಿರ್ತಾನೆ. ಬರೀ ಕಾರು ಓಡಿಸಿದ್ದರೆ ಸಾಲದು, ಅವನು ಸರಿ ಅಂತ ನಮಗೆ ಅನ್ನಿಸಲೇಬೇಕು. ಅನ್ನಿಸದಿದ್ದರೆ ಚೇಸಿಂಗ್‌ನಲ್ಲಿ ಮಜಾನೇ ಇಲ್ಲ. ಅಂದರೆ ಕಾರಿನ ಸದ್ದಿನ ಕೆಳಗೆ ಒಂದು ನ್ಯಾಯದ ವಾದ ನಡೀತಾ ಇದೆ.

ಆ ವಾದದಲ್ಲಿ ಅರ್ಧ ಸತ್ಯವೂ ಇದೆ. ಸರ್ಕಾರಕ್ಕೆ ಕಳ್ಳಭಟ್ಟಿ ಮೇಲಿರೋ ಸಿಟ್ಟು ಕುಡಿತದ ಮೇಲಿನ ಸಿಟ್ಟಲ್ಲ, ತೆರಿಗೆ ತಪ್ಪಿಸಿದ್ದರ ಸಿಟ್ಟು. ಅಮೆರಿಕದಲ್ಲಿ 1791ರಲ್ಲೇ ವಿಸ್ಕಿ ಮೇಲೆ ತೆರಿಗೆ ಹಾಕಿದ್ದಕ್ಕೆ ರೈತರು ದಂಗೆ ಎದ್ದಿದ್ದರು. ನಮ್ಮಲ್ಲಿ 2007ರ ಜುಲೈ 1ರವರೆಗೆ ಸಾರಾಯಿ ಸರ್ಕಾರಿ ಮಾಲೇ ಆಗಿತ್ತು. ಗುತ್ತಿಗೆಗೆ ಹರಾಜು, ಪ್ಯಾಕೆಟ್ಟಿಗೆ ಸೀಲು. ಸೀಲಿದ್ದ ಪ್ಯಾಕೆಟ್ಟು ರಾಜಸ್ವ, ಮಾವನ ಟ್ಯೂಬು ಅಪರಾಧ. ಆ ದಿನದಿಂದ ಸಾರಾಯಿ ನಿಷೇಧ ಆಯ್ತು, ಜನ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಹಿಡಿದರು. ಈಗ ಸಗಟು ವ್ಯಾಪಾರ ಪೂರ್ತಿ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ, ಚಿಲ್ಲರೆಗೂ ಊರೂರಲ್ಲಿ ಎಂಎಸ್‌ಐಎಲ್ ಅಂಗಡಿ ಇದೆ. 2023-24ರ ಬಜೆಟ್ಟಲ್ಲಿ ಅಬಕಾರಿಗೆ ಇಟ್ಟ ಗುರಿ 36,000 ಕೋಟಿ ರೂಪಾಯಿ. ಗುರಿ ಅನ್ನೋ ಪದವನ್ನ ಸ್ವಲ್ಪ ಹೊತ್ತು ನೋಡ್ತಾ ಕೂತ್ಕೊಳ್ಳಿ. ನಮ್ಮ ಸೇಲ್ಸ್ ಟೀಮಿಗೆ ಟಾರ್ಗೆಟ್ ಇರೋ ಹಾಗೆ, ರಾಜ್ಯ ಇಷ್ಟು ಕುಡಿಯಬೇಕು ಅಂತ ಲೆಕ್ಕ. ಇಂಥ ವ್ಯಾಪಾರಿಯ ಜೀಪು ಅಟ್ಟಿಸಿಕೊಂಡು ಬಂದರೆ ನಾನಂತೂ ಟಿವಿಎಸ್ ಕಡೆಗೇ.

ಸೀಲಿನಿಂದ ಏನೂ ಉಪಯೋಗ ಇಲ್ಲ ಅಂತಲ್ಲ. 1981ರ ಜುಲೈನಲ್ಲಿ ಬೆಂಗಳೂರಲ್ಲಿ ವಿಷದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಷೇಧವಾಗಿ ಒಂದು ವರ್ಷವೂ ಆಗಿರಲಿಲ್ಲ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆ ಕೃಷ್ಣಗಿರಿ ಕಡೆ ಮತ್ತೆ ನೂರಕ್ಕೂ ಹೆಚ್ಚು ಜನ. ಇಂಥ ಸಾಮೂಹಿಕ ಸಾವುಗಳ ಹಿಂದೆ ಸಾಮಾನ್ಯವಾಗಿ ಇರೋದು ಬೆಲ್ಲದ ಕೊಳೆಯಲ್ಲ, ಕಿಕ್ ಏರಲಿ ಅಂತ ಬೆರೆಸೋ ಕಾರ್ಖಾನೆಯ ಮೆಥನಾಲ್. ಅದು ದೇಹದೊಳಗೆ ಫಾರ್ಮಿಕ್ ಆಮ್ಲ ಆಗಿ ಮೊದಲು ಕಣ್ಣು ತೆಗೆಯುತ್ತೆ. ಅಮೆರಿಕದಲ್ಲಿ ಇನ್ನೊಂದು ರೀತಿ. ಆವಿ ತಣಿಸೋಕೆ ಹಳೇ ಕಾರಿನ ರೇಡಿಯೇಟರ್ ಬಳಸೋರು, ಅದರ ಬೆಸುಗೆಯ ಸೀಸ ಸಾರಾಯಿಗೆ ಇಳಿಯೋದು, ಕುಡಿದವರಿಗೆ ಸೀಸದ ವಿಷ ಏರೋದು. ಸಿನಿಮಾದಲ್ಲಿ ಕಾರಿನ ಎಲ್ಲ ಭಾಗವನ್ನೂ ತೋರಿಸ್ತಾರೆ, ರೇಡಿಯೇಟರಿನ ಈ ಕೆಲಸವನ್ನ ನಾನು ನೋಡಿದ ಯಾವ ಸಿನಿಮಾದಲ್ಲೂ ತೋರಿಸಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ನಮ್ಮೂರ ಕಡೆ ಕಳ್ಳಭಟ್ಟಿ ಅಂದ ತಕ್ಷಣ ಜೀಪು ತಿರುಗ್ತಿದ್ದಿದ್ದು ತಾಂಡಾದ ಕಡೆಗೆ. ಲಂಬಾಣಿ ಹೆಂಗಸರ ಗುಡಿಸಲ ಮುಂದಿನ ಮಡಕೆ ಒಡೆಯೋದು, ಮಕ್ಕಳ ಮುಂದೆ ಬೈಯೋದು. ಅಲ್ಲೂ ಕೆಲವರು ಇಳಿಸ್ತಿದ್ದಿರಬಹುದು. ಆದರೆ ಊರಿಗೆಲ್ಲ ಹಂಚುವಷ್ಟು ಇಳಿಸ್ತಿದ್ದ ನಮ್ಮ ಕೇರಿಯ ಮಾವನ ಹೊಲಕ್ಕೆ ಜೀಪು ಬರ್ತಿದ್ದಿದ್ದು ಅಪರೂಪ. ಬಂದರೂ ಮೊದಲೇ ಸುದ್ದಿ ಬಂದಿರೋದು. ಬಂಡಾಯಗಾರನಾಗಿ ಮೆರೆಯೋಕೂ ಸ್ವಲ್ಪ ಜಾತಿಯ ಬೆಂಬಲ ಬೇಕು ಅನ್ನೋದು ನನಗೆ ಆಗ ಹೊಳೆದಿರಲಿಲ್ಲ. ನನ್ನ ಹೀರೋ ತಪ್ಪಿಸಿಕೊಂಡಾಗಲೆಲ್ಲ ಬೇರೆ ಯಾರೋ ಸಿಕ್ಕಿಬೀಳ್ತಿದ್ದರು.

2019ರ ಜನವರಿ. ಸಂಕ್ರಾಂತಿಗೆ ಊರಿಗೆ ಹೋದವನು ರಜೆ ಹಾಕಿ ಇನ್ನೂ ನಾಲ್ಕು ದಿನ ಉಳಿದು ಬೆಂಗಳೂರಿಗೆ ವಾಪಸ್ ಬರ್ತಿದ್ದೆ. ಚಿತ್ರದುರ್ಗದಿಂದ ಬಸ್ಸು. ಕಿವಿಗೆ ಇಯರ್‌ಫೋನ್, ಫೋನಲ್ಲಿ 'ಥಂಡರ್ ರೋಡ್' ನಾಲ್ಕನೆಯದೋ ಐದನೆಯದೋ ಸಲ. ಹಿರಿಯೂರು ಇನ್ನೂ ಬಂದಿರಲಿಲ್ಲ, ಬಸ್ಸು ನಿಧಾನ ಆಯ್ತು. ಕಿಟಕಿಯಲ್ಲಿ ನೋಡಿದರೆ ಹೈವೇ ಪಕ್ಕ ಹೆಂಗಸರ ಸಾಲು. ಮುಗಿಯೋದೇ ಇಲ್ಲ. ತಲೆ ಮೇಲೆ ಸೆರಗು, ಹವಾಯಿ ಚಪ್ಪಲಿ, ಕೆಲವರ ಕಂಕುಳಲ್ಲಿ ಗಂಟು. ಹಿಂದೆ ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ತಿರುಗ್ತಿದ್ವು. ಪಕ್ಕದವರು ಹೇಳಿದರು, "ಎಣ್ಣೆ ಬಂದ್ ಮಾಡ್ರಿ ಅಂತ ದುರ್ಗದಿಂದ ಬೆಂಗಳೂರಿಗೆ ನಡ್ಕೊಂಡೇ ಹೊಂಟಾರೆ." ಮದ್ಯ ನಿಷೇಧ ಆಂದೋಲನದ ಪಾದಯಾತ್ರೆ ಅದು. ಬಹುಪಾಲು ರಾಯಚೂರು, ಉತ್ತರ ಕರ್ನಾಟಕದ ಕಡೆಯವರು. ಸಾವಿರಾರು ಜನ, ಸುಮಾರು 200 ಕಿಲೋಮೀಟರ್, ಹನ್ನೆರಡು ದಿನ. ದಾರಿಯಲ್ಲಿ ಬೈಕ್ ಬಡಿದು ಒಬ್ಬ ಹೆಣ್ಣುಮಗಳು ತೀರಿಕೊಂಡರು. ಅವರು ಗಾಂಧಿ ಪುಣ್ಯತಿಥಿಯ ದಿನ ಬೆಂಗಳೂರು ಮುಟ್ಟಿದರು. ನಾನು ಅದೇ ಸಂಜೆ ಮುಟ್ಟಿದ್ದೆ.

ನನ್ನ ಕೈಯಲ್ಲಿದ್ದ ಸ್ಕ್ರೀನಿನಲ್ಲೂ ಒಂದು ರಸ್ತೆ, ಕಿಟಕಿಯಾಚೆಯೂ ಒಂದು ರಸ್ತೆ. ಎರಡರ ವಿಷಯವೂ ಒಂದೇ. ಸ್ಕ್ರೀನಿನ ರಸ್ತೆಯಲ್ಲಿ ಒಬ್ಬಳೇ ಒಬ್ಬ ಇಂಥ ಹೆಂಗಸು ಇರಲಿಲ್ಲ. ಅವತ್ತು ನಾಚಿಕೆ ಆಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಬಸ್ಸು ಮುಂದೆ ಹೋಯ್ತು, ನಾನು ಪ್ಲೇ ಒತ್ತಿದೆ.

ಹಿಡಿದು ನಿಲ್ಲಿಸಿದ್ದು ದೊಡ್ಡವ್ವ. 2020ರ ಲಾಕ್‌ಡೌನಿನಲ್ಲಿ ನಾನು ಊರಲ್ಲಿದ್ದೆ. ಮಾಳಿಗೆ ಮೇಲೆ ಮಾತ್ರ ಸಿಗ್ನಲ್, ಅಲ್ಲೇ ಆಫೀಸು, ಅಲ್ಲೇ ಸಿನಿಮಾ. ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಕುಡಿದು ಕುಡಿದು ಲಿವರ್ ಹೋಗಿ 2009ರಲ್ಲಿ ಸತ್ತರು. ಮಾರ್ಚ್ ಕೊನೆಯಿಂದ ಮೇ 4ರವರೆಗೆ ರಾಜ್ಯದಲ್ಲಿ ಮದ್ಯದಂಗಡಿ ಮುಚ್ಚಿದ್ವಲ್ಲ, ಆ ನಲವತ್ತು ದಿನ ಊರು ಮೊದಲು ತಣ್ಣಗಾಯ್ತು. "ಕೇರೀಲಿ ರಾತ್ರಿ ನಾಯಿ ಬೊಗಳೋದು ಕೇಳಿಸ್ತೈತೆ ನೋಡು" ಅಂದಿದ್ದಳು ದೊಡ್ಡವ್ವ. ಎರಡು ವಾರಕ್ಕೆ ಹಳ್ಳದ ಕಡೆಯಿಂದ ಹಳೇ ವಾಸನೆ ಬಂತು. ನಿಷೇಧ ಮಾಡಿದರೆ ಎಲ್ಲ ಸರಿಹೋಗುತ್ತೆ ಅನ್ನೋರಿಗೂ, ನಿಷೇಧದಿಂದ ಏನೂ ಆಗಲ್ಲ ಅನ್ನೋರಿಗೂ ಆ ನಲವತ್ತು ದಿನದಲ್ಲಿ ಸಾಕ್ಷಿ ಇದೆ. ನನಗೆ ಎರಡೂ ಕಂಡಿದೆ, ಹಾಗಾಗಿ ಆ ಜಗಳಕ್ಕೆ ನಾನು ಬರಲ್ಲ.

ಒಂದು ಸಂಜೆ ಹಪ್ಪಳ ಎತ್ತೋಕೆ ಮಾಳಿಗೆಗೆ ಬಂದ ದೊಡ್ಡವ್ವ ಪಕ್ಕದಲ್ಲೇ ಕೂತಳು. ಸ್ಕ್ರೀನಲ್ಲಿ ಅದೇ ಮಿಚಮ್. ಕಥೆ ಹೇಳಿದೆ. ಅಪ್ಪ ಕಾಯಿಸ್ತಾನೆ, ಮಗ ಒಯ್ತಾನೆ, ಪೊಲೀಸರು ಅಟ್ಟಿಸ್ಕೊಂಡು ಬರ್ತಾರೆ. ಅವಳಿಗೆ ಭಾಷೆ ಬೇಕಾಗಲಿಲ್ಲ, ಡಬ್ಬ, ಒಲೆ, ಹೊಗೆ ನೋಡಿದ ಕೂಡಲೇ ಗೊತ್ತಾಯ್ತು. ಸ್ವಲ್ಪ ಹೊತ್ತು ನೋಡಿ ಕೇಳಿದಳು:

"ಇಷ್ಟೊಂದು ಎಲ್ಲಿಗೆ ಒಯ್ತಾನಪ್ಪ?"

"ಪಟ್ಟಣಕ್ಕೆ. ಮೆಂಫಿಸ್ ಅಂತ."

"ಯಾರು ಕುಡೀತಾರೆ?"

ನನಗೆ ಗೊತ್ತಿರಲಿಲ್ಲ. ಅಷ್ಟು ಸಲ ನೋಡಿದ ಸಿನಿಮಾ. ಯಾವ ತಿರುವಿನಲ್ಲಿ ಕಾರು ಯಾವ ಕಡೆ ಜಾರುತ್ತೆ ಅಂತ ಗೊತ್ತು. ಯಾರು ಕುಡೀತಾರೆ ಅಂತ ಮಾತ್ರ ಗೊತ್ತಿಲ್ಲ. ಕ್ಯಾಮೆರಾ ಕಾರಿನ ಜೊತೆ ಹೋಗುತ್ತೆ, ಮಾಲು ಇಳಿಸುತ್ತೆ, ಮತ್ತೆ ಕಾರಿನ ಜೊತೆಗೇ ವಾಪಸ್ ಬರುತ್ತೆ. ಆ ಬಾಟ್ಲಿ ಹಿಡಿದುಕೊಂಡು ಯಾರದೋ ಮನೆಯ ಹೊಸ್ತಿಲು ದಾಟಲ್ಲ. ದಾಟಿದ ಕ್ಷಣ ಅದು ಬೇರೆ ಸಿನಿಮಾ ಆಗುತ್ತೆ. ನಾನು ಶುಕ್ರವಾರ ರಾತ್ರಿ ನೋಡದೇ ಇರೋ ಸಿನಿಮಾ.

ಹೀರೋನ ವಾದ ಸರ್ಕಾರದ ಎದುರು ಗೆಲ್ಲುತ್ತೆ. ನಾನು ಈಗಲೂ ಒಪ್ತೀನಿ. ದೊಡ್ಡವ್ವನ ಎದುರು ಅವನು ವಾದಕ್ಕೇ ಬಂದಿಲ್ಲ. ಅವಳನ್ನ ಪಕ್ಕಕ್ಕಿಟ್ಟಿದ್ದಕ್ಕೇ ಅವನ ಲೆಕ್ಕ ಅಷ್ಟು ಸಲೀಸಾಗಿ ಹೊಂದೋದು: ಒಂದು ಕಡೆ ನಾನು, ಇನ್ನೊಂದು ಕಡೆ ಜೀಪು, ನಡುವೆ ರಸ್ತೆ. ದೊಡ್ಡಪ್ಪನ ಕೂಲಿ ದುಡ್ಡು ಮಾವನ ಕೈಗೆ ಹೋಗ್ತಿತ್ತು. ಮಾವನ ಕೈಯಿಂದ ಒಂದು ಕಂತು ನಮ್ಮ ಪಡಸಾಲೆಗೆ ಬಂತು. ನಾನು ಪಿಯುಸಿ ಮಾಡಿದೆ. ಈ ಮೂರು ವಾಕ್ಯವನ್ನ ಒಂದರ ಪಕ್ಕ ಒಂದು ಇಟ್ಟು ನಾನು ಮೊದಲ ಸಲ ನೋಡಿದ್ದು ಆ ಮಾಳಿಗೆ ಮೇಲೆ. ಆಗ ನನಗೆ ಮೂವತ್ತಮೂರು ವರ್ಷ. ದೊಡ್ಡವ್ವ ಅವನ್ನ ಯಾವಾಗಲೋ ಇಟ್ಟು ನೋಡಿರಬೇಕು. ಒಂದು ದಿನವೂ ಆಡಿರಲಿಲ್ಲ.

ಮಾವ ಕೆಟ್ಟವರಾ? ಕೇಳಿದರೆ ನನಗೆ ಈಗಲೂ ಹೌದು ಅನ್ನೋಕಾಗಲ್ಲ. ಕುಡಿಯೋರು ಬಂದು ಕೇಳ್ತಾರೆ, ನಾನು ಕೊಡದಿದ್ದರೆ ಗುತ್ತಿಗೆದಾರ ಕೊಡ್ತಾನೆ ಅನ್ನೋರು ಅವರು. ಇದು ನಿಜ ಕೂಡ. ಆದರೆ ನಿಜವಾದ ಎಷ್ಟೋ ಮಾತುಗಳು ನಮ್ಮನ್ನ ಹೊಸ್ತಿಲ ಈಚೆಗೇ ನಿಲ್ಲಿಸೋಕೆ ಬಳಕೆಯಾಗ್ತವೆ. ಆ ವರ್ಷ ನಾನು ಕೆಲಸ ಮಾಡ್ತಿದ್ದಿದ್ದು ಐದು ನಿಮಿಷಕ್ಕೆ ಸಾಲ ಕೊಡೋ ಒಂದು ಆ್ಯಪ್ ಕಂಪನಿಯಲ್ಲಿ. ನನ್ನ ಡ್ಯಾಶ್‌ಬೋರ್ಡಲ್ಲಿ ಸಾಲ ತಗೊಂಡೋರು ಒಂದು ಗ್ರಾಫ್ ಆಗಿದ್ದರು, ಮೇಲಕ್ಕೆ ಹೋದರೆ ಟೀಮಿಗೆ ಪಾರ್ಟಿ. ವಸೂಲಿ ಬೇರೆ ಡಿಪಾರ್ಟ್‌ಮೆಂಟು. ಬ್ಯಾಂಕು ಬಾಗಿಲು ತೆರೆಯದವರಿಗೆ ನಾವು ಸಾಲ ಕೊಡ್ತೀವಿ ಅಂತ ನಮ್ಮ ಸಂಸ್ಥಾಪಕರು ಹೇಳೋವಾಗ ನಾನು ಚಪ್ಪಾಳೆ ತಟ್ಟಿದ್ದೆ, ಅದರಲ್ಲೂ ಅರ್ಧ ಸತ್ಯ ಇತ್ತು. ನಮ್ಮ ಕ್ಯಾಮೆರಾನೂ ಕಾರಿನ ಜೊತೆಗೇ ಇತ್ತು. ಅದನ್ನ ಬಿಡೋಕೆ ಇನ್ನೂ ಹದಿನಾಲ್ಕು ತಿಂಗಳು ತಗೊಂಡೆ. ಇಎಂಐ ಇತ್ತು.

ಈಗ ಕಾಯಿಸೋರೂ ಕಡಿಮೆ ಆಗಿದ್ದಾರೆ. ಊರಿನ ಹೊಸ ಕಳ್ಳ ಮಾಲು ಅಂದರೆ ಲೈಸೆನ್ಸ್ ಅಂಗಡಿಯಿಂದಲೇ ತಂದು ಗೂಡಂಗಡಿಯಲ್ಲಿ ಬೀಡಿ, ಶಾಂಪೂ ಪ್ಯಾಕೆಟ್ಟಿನ ಪಕ್ಕ ಬಚ್ಚಿಟ್ಟು ಮಾರೋ ನೈಂಟಿ. ಪಾದಯಾತ್ರೆಯ ಹೆಂಗಸರ ದೊಡ್ಡ ದೂರು ಇದೇ ಆಗಿತ್ತು. ಇದರಲ್ಲಿ ಚೇಸಿಂಗ್ ಇಲ್ಲ, ಬೆಟ್ಟ ಇಲ್ಲ, ಕೈಕೆಲಸ ಇಲ್ಲ. ಯಾರೂ ಸಿನಿಮಾ ತೆಗೆಯಲ್ಲ, ನಾನೂ ನೋಡಲ್ಲ. ಮಾವನಿಗೆ ಈಗ ಎಪ್ಪತ್ತು ದಾಟಿದೆ, ಎರಡು ಎಕರೆ ಅಡಿಕೆ ಹಾಕಿದ್ದಾರೆ. ಮೊದಲ ಸಂಬಳದಲ್ಲಿ ಫೀಸಿನ ದುಡ್ಡು ವಾಪಸ್ ಕೊಡೋಕೆ ಹೋದಾಗ, "ಬಿಡಪ್ಪ, ನಾನೇನು ಬೆವರು ಸುರಿಸಿ ದುಡಿದಿದ್ನಾ" ಅಂತ ನಕ್ಕಿದ್ದರು. ಅದು ವಿನಯದ ಮಾತು ಅಂದುಕೊಂಡಿದ್ದೆ.

ಸಿನಿಮಾಗಳನ್ನ ನೋಡೋದು ಬಿಟ್ಟಿಲ್ಲ. ಈಗಲೂ ಕಾರು ತಿರುವಿನಲ್ಲಿ ಜಾರಿದರೆ ಎದೆ ಹಾರುತ್ತೆ. ಅವತ್ತು ಮಾಳಿಗೆ ಮೇಲೆ, ಉತ್ತರ ಸಿಗದ ಪ್ರಶ್ನೆ ಕೇಳಿದ ಮೇಲೂ ದೊಡ್ಡವ್ವ ಎದ್ದು ಹೋಗಲಿಲ್ಲ. ಹಪ್ಪಳದ ಮೊರ ಮಡಿಲಲ್ಲಿಟ್ಟುಕೊಂಡು ಪೂರ್ತಿ ನೋಡಿದಳು. ಕೊನೆಯಲ್ಲಿ ಕಾರು ರಸ್ತೆ ಬಿಟ್ಟು ಹಾರಿ, ಹುಡುಗ ಸತ್ತಾಗ ಬಾಯಿಗೆ ಸೆರಗು ಹಿಡಿದಳು.

"ಅಯ್ಯೋ ಪಾಪ. ಆ ತಾಯಿಗೆ ಈಗ ಯಾರು ಹೋಗಿ ಹೇಳ್ತಾರಪ್ಪ?"

ಆಮೇಲೆ ಇಬ್ಬನಿ ಬೀಳುತ್ತೆ ಅಂತ ಹಪ್ಪಳ ತಗೊಂಡು ಕೆಳಗೆ ಹೋದಳು.